ರೂಪಾಯಿಯ ಮಗ್ಗಿ ಮರೆತ ಮೇಲೆ

ಅಮೆರಿಕಕ್ಕೆ ಹೊಸದಾಗಿ ಬಂದಿಳಿದ ಕನ್ನಡಿಗರು ಮೊದಮೊದಲು ಕಂಡ ಬೆಲೆಯನ್ನೆಲ್ಲ ರೂಪಾಯಿಗೆ ಗುಣಿಸುತ್ತಾರೆ. 4 ಡಾಲರಿನ ಕಾಫಿಗೆ ಮುನ್ನೂರು ಚಿಲ್ಲರೆ ರೂಪಾಯಿ ಎಂದು ಹೊಳೆದ ಕೂಡಲೇ ಕೈ ಹಿಂದೆ ಸರಿಯುತ್ತದೆ. ದಿನ ಕಳೆದಂತೆ ಈ ರೂಪಾಯಿಯ ಮಗ್ಗಿ ಮರೆತುಹೋಗುತ್ತದೆ. ಮರೆಯಬೇಕಾದ್ದೇ, ಸಂಬಳ ಡಾಲರಿನಲ್ಲಿ ಬರುವಾಗ ರೂಪಾಯಿ ಲೆಕ್ಕ ಹಿಡಿದು ಎಷ್ಟು ದಿನ ಬದುಕಲಾದೀತು? ಆದರೆ ಅದರ ಜಾಗಕ್ಕೆ ಇನ್ನೊಂದು ಲೆಕ್ಕ ಬಾರದಿದ್ದರೆ ಖರ್ಚಿಗೆ ಕಡಿವಾಣವೇ ಇರುವುದಿಲ್ಲ.

ಬೆಲೆಯ ಅಂಕಿಗೇ ಒಂದು ಮಾಯೆಯಿದೆ. ಸಂಶೋಧಕರಾದ ಪ್ರಿಯಾ ರಘುಬೀರ್ ಮತ್ತು ಜಾಯ್‌ದೀಪ್ ಶ್ರೀವಾಸ್ತವ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರದೇಶದ ಹಣದಲ್ಲಿ ಬೆಲೆಯ ಅಂಕಿ ಚಿಕ್ಕದಾಗಿ ಕಂಡರೆ ಜನ ಧಾರಾಳವಾಗಿ ಖರ್ಚು ಮಾಡುತ್ತಾರೆ, ದೊಡ್ಡದಾಗಿ ಕಂಡರೆ ಕೈ ಬಿಗಿಹಿಡಿಯುತ್ತಾರೆ.

ಕಾರ್ಡು ಡಾಲರಿನ ಆ ಚಿಕ್ಕ ಅಂಕಿಯನ್ನೂ ಕಣ್ಣಿಂದ ಮರೆಮಾಡುತ್ತದೆ. ಎಂಐಟಿಯ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬಿಎ ವಿದ್ಯಾರ್ಥಿಗಳ ನಡುವೆ ಬಾಸ್ಕೆಟ್‌ಬಾಲ್ ಟಿಕೆಟ್‌ಗಳನ್ನು ಹರಾಜಿಗಿಟ್ಟರು. ಕೆಲವರಿಗೆ ನಗದು ಕೊಡಬೇಕೆಂದೂ ಉಳಿದವರಿಗೆ ಕ್ರೆಡಿಟ್ ಕಾರ್ಡ್ ಸಾಕೆಂದೂ ಹೇಳಲಾಗಿತ್ತು. 2001ರಲ್ಲಿ ಪ್ರಕಟವಾದ ಫಲಿತಾಂಶ ನೋಡಿದರೆ, ಕಾರ್ಡಿನವರು ಕೂಗಿದ ಬೆಲೆ ಸರಾಸರಿಯಲ್ಲಿ ನಗದಿನವರದ್ದಕ್ಕಿಂತ ದುಪ್ಪಟ್ಟನ್ನೂ ಮೀರಿತ್ತು. ಟಿಕೆಟ್ ಅದೇ, ಆಟವೂ ಅದೇ.

2023ರಲ್ಲಿ ಅಮೆರಿಕನ್ನರ ಕ್ರೆಡಿಟ್ ಕಾರ್ಡ್ ಬಾಕಿ 1 ಲಕ್ಷ ಕೋಟಿ ಡಾಲರ್ ದಾಟಿತು. ಶೇ. 20ರ ವಾರ್ಷಿಕ ಬಡ್ಡಿಯಲ್ಲಿ 5,000 ಡಾಲರ್ ಬಾಕಿ ಉಳಿಸಿಕೊಂಡವರಿಗೆ ಮೊದಲ ತಿಂಗಳ ಬಡ್ಡಿಯೇ ಸುಮಾರು 83 ಡಾಲರ್. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ ಸಾಲ ತೀರಲು ಎಷ್ಟು ಕಾಲ ಬೇಕು ಎಂಬುದನ್ನು ಪ್ರತಿ ಸ್ಟೇಟ್‌ಮೆಂಟಿನಲ್ಲಿ ಅಚ್ಚು ಹಾಕಬೇಕೆಂದು 2009ರ ಕಾನೂನು ಬ್ಯಾಂಕುಗಳಿಗೆ ಕಡ್ಡಾಯ ಮಾಡಿದೆ. ಅದನ್ನು ಓದುವ ವ್ಯವಧಾನ ಬೇಕಷ್ಟೆ.

ಹಾಗಾದರೆ ಬಜೆಟ್ ನಿಲ್ಲುವುದು ಹೇಗೆ? ಮನಸ್ಸು ಗಟ್ಟಿ ಮಾಡಿಕೊಳ್ಳುವುದಕ್ಕಿಂತ ಹಣ ಕೈಗೆ ಸಿಗುವ ಮೊದಲೇ ಬೇರೆಡೆ ಸರಿಸುವುದು ಹೆಚ್ಚು ಫಲ ಕೊಟ್ಟಿದೆ. 2017ರ ಅರ್ಥಶಾಸ್ತ್ರ ನೊಬೆಲ್ ಪಡೆದ ರಿಚರ್ಡ್ ಥೇಲರ್, ಶ್ಲೋಮೋ ಬೆನಾರ್ಟ್ಜಿ ಜೊತೆಗೂಡಿ ಒಂದು ಯೋಜನೆ ರೂಪಿಸಿದರು. ನೌಕರರು ಮುಂದೆ ಸಂಬಳ ಏರಿದಾಗಲೆಲ್ಲ ಆ ಏರಿಕೆಯ ಒಂದು ಪಾಲು ನಿವೃತ್ತಿ ಖಾತೆಗೆ ಹೋಗಲೆಂದು ಮೊದಲೇ ಒಪ್ಪಿಗೆ ಕೊಡಬೇಕು. ಅದನ್ನು ಮೊದಲು ಜಾರಿಗೆ ತಂದ ಕಂಪನಿಯಲ್ಲಿ, ಯೋಜನೆಗೆ ಸೇರಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ ಶೇ. 13.6ಕ್ಕೆ ಏರಿತು. ಯಾರೂ ದಿನದಿನ ಹಟ ಹಿಡಿದು ಕೂರಬೇಕಾಗಲಿಲ್ಲ.

ಪರದೇಶದ ಕನ್ನಡ ಮನೆಗಳಲ್ಲಿ ಬಜೆಟ್ಟಿಗೆ ದೊಡ್ಡ ಪೆಟ್ಟು ಕೊಡುವುದು ಬಹಳ ಸಲ ಊರಿನ ಪ್ರಯಾಣ. ನಾಲ್ವರ ವಿಮಾನದ ಟಿಕೆಟ್, ನೆಂಟರಿಷ್ಟರಿಗೆ ಉಡುಗೊರೆ, ಮದುವೆ-ಮುಂಜಿಯ ಸೀರೆ, ಒಂದೆರಡು ಬಳೆ. ಇದೇನು ಹೇಳದೆ ಬರುವ ಖರ್ಚಲ್ಲ. ರಜೆಯ ದಿನಾಂಕ ಒಂದು ವರ್ಷ ಮೊದಲೇ ಗೊತ್ತಿರುತ್ತದೆ. ಆದರೂ ತಿಂಗಳ ಲೆಕ್ಕದಲ್ಲಿ ಇದಕ್ಕೆ ಕಾಲಮ್ಮೇ ಇರುವುದಿಲ್ಲ, ಕೊನೆಗೆ ಎಲ್ಲವೂ ಕಾರ್ಡಿನ ಮೇಲೆ ಬೀಳುತ್ತದೆ. ಎರಡು ವರ್ಷಕ್ಕೊಮ್ಮೆ 7,200 ಡಾಲರ್ ಬೇಕೆಂದಾದರೆ ತಿಂಗಳಿಗೆ 300 ಡಾಲರಿನಂತೆ ಬೇರೆ ಖಾತೆಗೆ ಹೋಗುತ್ತಿರಬೇಕು. ಕಾರಿನ ವಿಮೆ, ಮಕ್ಕಳ ಬೇಸಿಗೆ ಶಿಬಿರ, ದೀಪಾವಳಿ ಖರ್ಚಿಗೂ ಇದೇ ಏರ್ಪಾಡು ಸಾಕು.

ಮುಂದಿನ ಸಂಬಳಕ್ಕೆ ಮೊದಲು ಗಂಡ-ಹೆಂಡತಿ ಒಟ್ಟಿಗೆ ಕೂತು ಕಳೆದ ಮೂರು ತಿಂಗಳ ಸ್ಟೇಟ್‌ಮೆಂಟುಗಳನ್ನು ಸಾಲುಸಾಲಾಗಿ ಓದಲಿ, ಊರಿನ ಪ್ರಯಾಣಕ್ಕೆಂದು ಅಂದೇ ಒಂದು ಖಾತೆ ತೆರೆಯಲಿ.