ನೋಡಲು ಬಂದವಳು

ಅಂಗಡಿಗೆ ನೋಡಲು ಬಂದವಳನ್ನು ಕೊಳ್ಳುವಂತೆ ಮಾಡುವುದು ಮಾತು. ಆ ಮಾತು ಬರೆಯುವವರಿಗೂ ಒಂದು ಧರ್ಮವಿದೆಯೇ?

ರಾಯಚೂರಿನಲ್ಲಿ ಸೀರೆ ಮಾರುವ ನನ್ನ ತಂಗಿಯ ಮಗಳು ಕರಪತ್ರ ಬರೆಸಲು ಬಂದಿದ್ದಳು. “ದೊಡ್ಡವ್ವ, ‘ಇವತ್ತೇ ಕಡೀ ದಿನ’ ಅಂತ ಬರಿ. ಇಲ್ಲಾಂದ್ರ ಮಂದಿ ನೋಡಿ ಹೋಗಿಬಿಡ್ತಾರ” ಎಂದಳು. ಅದು ಕಡೆಯ ದಿನವೇನೂ ಆಗಿರಲಿಲ್ಲ.

ಸಣ್ಣ ಸುಳ್ಳು, ಯಾರಿಗೇನು ನಷ್ಟ ಎನ್ನಬಹುದು. ಊರಿನವಳು ನಾಳೆ ಬಂದು ನೋಡಿದರೆ ಸುಳ್ಳು ಬಯಲಾಗುತ್ತದೆ. ದೇವದುರ್ಗದಿಂದಲೋ ಮಾನ್ವಿಯಿಂದಲೋ ಮದುವೆಯ ಜವಳಿಗೆಂದು ಬಂದವಳಿಗೆ ಆ ನಾಳೆ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಹಣ ಉಳಿಯಿತು. ಬಿಟ್ಟುಬಂದ ದಿನದ ಕೂಲಿ ಉಳಿಯಲಿಲ್ಲ. ಪರೀಕ್ಷಿಸಿ ನೋಡಲಾರದವಳ ಮೇಲೆಯೇ ಈ ಸುಳ್ಳಿನ ಭಾರ ಹೆಚ್ಚು. ಅದೇ ವರ್ಷ ನವೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರವು ಆನ್‌ಲೈನ್ ವ್ಯಾಪಾರದ 13 ಬಗೆಯ ಮೋಸಗಳನ್ನು ಪಟ್ಟಿ ಮಾಡಿತು. ಮೊದಲನೆಯದೇ ಸುಳ್ಳು ಅವಸರ. ಫೋನಿಗೆ ಸಲ್ಲದ್ದು ಕರಪತ್ರಕ್ಕೆ ಸಂದೀತೆ?

ಹಾಗೆಂದು ಬಣ್ಣಿಸುವುದೇ ತಪ್ಪೆನ್ನಲಾರೆ. ಅಂಗಡಿಯ ಬಾಡಿಗೆಯನ್ನು ಹುಡುಗಿ ಕಟ್ಟಬೇಕಲ್ಲ! ಇಳಕಲ್ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುವ ಚೆಂದವನ್ನು ಹೇಳದಿದ್ದರೆ ತಿಳಿಯುವುದು ಹೇಗೆ? ಅದರ ಜೊತೆಗೆ ಸೆರಗು ರೇಷ್ಮೆಯೋ ಕೃತಕ ನೂಲೋ, ಒಗೆದರೆ ಬಣ್ಣ ಬಿಡುತ್ತದೋ ಇಲ್ಲವೋ, ಬದಲಿಸಿ ಕೊಡುತ್ತಾರೋ ಇಲ್ಲವೋ ಎಂಬುದನ್ನೂ ಬರೆಯಬೇಕು. ನಾನು ಹಾಗೆಯೇ ಬರೆದುಕೊಟ್ಟೆ.

ಓದಿದವಳು ಕೊಳ್ಳಲಿ, ಬರಿಗೈಯಲ್ಲಿ ಹಿಂದಿರುಗಲಿ. ಕೊಂಡವಳು ಮಾತ್ರ ಊರು ಸೇರಿ ಸೀರೆ ಬಿಚ್ಚಿದಾಗ, ಕರಪತ್ರ ಹೇಳಿದ್ದೇ ಕೈಯಲ್ಲಿರಬೇಕು.