ಇಂದಿನ ಧಮ್ಮ ಚಿಂತನೆ: ಗಿಡ ನೆಟ್ಟ ಮರುದಿನ

ನಮೋ ಬುದ್ಧಾಯ. 

ಸಂಯುತ್ತ ನಿಕಾಯದಲ್ಲಿ ವನರೋಪ ಸುತ್ತ ಎಂಬ ಪುಟ್ಟ ಸುತ್ತವೊಂದಿದೆ. ದೇವತೆಯೊಬ್ಬಳು ಬುದ್ಧರ ಬಳಿ ಬಂದು, ಹಗಲೂ ಇರುಳೂ ಪುಣ್ಯ ಬೆಳೆಯುತ್ತಲೇ ಇರುವುದು ಯಾರಿಗೆ ಎಂದು ಕೇಳುತ್ತಾಳೆ. ಬುದ್ಧರ ಉತ್ತರದಲ್ಲಿ ಯಜ್ಞ ಇಲ್ಲ, ಹೋಮ ಇಲ್ಲ. ತೋಪು ಬೆಳೆಸುವವರು, ಹಣ್ಣಿನ ಗಿಡ ಹಾಕುವವರು, ಸೇತುವೆ ಕಟ್ಟುವವರು, ಅರವಟ್ಟಿಗೆ ಇಡುವವರು, ಬಾವಿ ತೋಡಿಸುವವರು, ತಂಗಲು ಸೂರು ಕೊಡುವವರು ಇದ್ದಾರೆ. ಇವರು ಧಮ್ಮದಲ್ಲಿ ನಿಂತವರು, ಶೀಲವಂತರು ಎಂಬ ಮಾತೂ ಜೊತೆಗೇ ಬರುತ್ತದೆ.

ಹಗಲು ಬೆಳೆಯುವುದು ಸರಿ, ಇರುಳು ಹೇಗೆ? ನೆಟ್ಟವರು ಮಲಗಿದ ಮೇಲೂ ಗಿಡ ಬೆಳೆಯುತ್ತಿರುತ್ತದೆ, ಬಾವಿಯಲ್ಲಿ ನೀರು ಊರುತ್ತಿರುತ್ತದೆ. ನನಗೆ ತೋರಿದ ಅರ್ಥ ಇದು. ಹಾಗಿದ್ದರೆ ಒಣಗಿದ ಗಿಡ ಯಾರ ಲೆಕ್ಕಕ್ಕೆ? ಜೂನ್ 5ರಂದು ಶಾಲೆಯ ಅಂಗಳ, ಕೆರೆಯ ದಂಡೆ, ಕಚೇರಿಗಳ ಮುಂದೆ ನೆಟ್ಟ ಹೊಂಗೆ, ಬೇವು, ನೇರಳೆ ಸಸಿಗಳ ಫೋಟೊಗಳು ನಮ್ಮ ಗ್ರೂಪಿಗೂ ಸಾಲುಸಾಲಾಗಿ ಬಂದವು. ಸಂತೋಷವೇ. ಆದರೆ ನಂದಿಬೆಟ್ಟದ ಆಸುಪಾಸಿನ ನದಿಗಳು ನಮ್ಮಲ್ಲಿ ಹುಟ್ಟುತ್ತವೆ ಅಷ್ಟೆ, ವರ್ಷಪೂರ್ತಿ ಹರಿಯುವುದಿಲ್ಲ. ಮಾರ್ಚ್ ಬಿಸಿಲಿನಲ್ಲಿ ಆ ಸಸಿಯ ಬುಡಕ್ಕೆ ಒಂದು ಕೊಡ ನೀರು ಹೊತ್ತು ಹಾಕುವವರು ಯಾರು ಎಂಬುದು ಫೋಟೊದಲ್ಲಿ ಕಾಣುವುದಿಲ್ಲ. ಈ ವಿಷಯದಲ್ಲಿ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ನಮಗಿಂತ ಜಾಣ. ರೈತರು ನೆಟ್ಟರು ಎಂಬುದಕ್ಕೆ ಅದು ಹಣ ಕೊಡುವುದಿಲ್ಲ. ಬದುಕಿ ಉಳಿದ ಪ್ರತಿ ಗಿಡಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ ಕೊಡುತ್ತದೆ.

ಸಂಘಮಿತ್ತೆ ಬೋಧಿವೃಕ್ಷದ ಕೊಂಬೆಯನ್ನು ಶ್ರೀಲಂಕೆಗೆ ಒಯ್ದ ಕಥೆ ನಿಮಗೆ ಗೊತ್ತಿದೆ. ಅನುರಾಧಪುರದ ಆ ಮರ 2,200 ವರ್ಷ ದಾಟಿ ಇಂದಿಗೂ ಚಿಗುರುತ್ತಿದೆ. ನೆಟ್ಟದ್ದು ಒಂದು ದಿನ, ಕಾಯ್ದದ್ದು ಎಷ್ಟೋ ತಲೆಮಾರು; ಬಾಗಿದ ಕೊಂಬೆಗೆ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ನಮ್ಮ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಹಳೆಯ ಅರಳಿಮರ 2001ರಲ್ಲಿ ಉರುಳಿತು. 1938ರಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿದಾಗ ಅದು ಅಲ್ಲೇ ನಿಂತಿತ್ತು. ಅಂಥ ಮರ ವಯಸ್ಸಾಗಿ ಬೀಳುವುದು ಅನಿಚ್ಚ. ಒಂಬತ್ತು ತಿಂಗಳ ಸಸಿ ನೀರಿಲ್ಲದೆ ಸಾಯುವುದಕ್ಕೆ ಅನಿಚ್ಚ ಎಂದು ಹೆಸರಿಡಬಾರದು, ಅದು ನಮ್ಮ ಅಸಡ್ಡೆ.

ಇನ್ನೊಂದು ಮಾತು, ಸ್ವಲ್ಪ ಕಹಿ. ವನಮಹೋತ್ಸವದ ದಿನ ಬೆಳಗ್ಗೆಯೇ ಬಂದು ಗುಂಡಿ ತೋಡಿದವರು ಯಾರು, ಹತ್ತು ಗಂಟೆಗೆ ಬಂದು ಸಸಿ ಇಟ್ಟವರು ಯಾರು? ಹಲವು ಊರುಗಳಲ್ಲಿ ಗುಂಡಿ ತೋಡಲು ಕರೆ ಹೋಗುವುದು ಒಂದೇ ಕೇರಿಗೆ. ಅದನ್ನು ಶ್ರಮದಾನ ಎಂದು ಮೈಕಿನಲ್ಲಿ ಹೇಳುತ್ತಾರೆ. ಒಲ್ಲೆ ಎನ್ನಲು ಆಗದವನಿಂದ ತೆಗೆದುಕೊಂಡದ್ದು ದಾನವಾಗುವುದಿಲ್ಲ, ಅದು ಬಿಟ್ಟಿ.

ಆದ್ದರಿಂದ, ಹತ್ತನೇ ತರಗತಿ ಮುಗಿಸಿದ ಹುಡುಗನಿಗೆ ತೋಟಗಾರಿಕೆ ತರಬೇತಿಯ ಬಗ್ಗೆ ಹೇಳಿದಾಗ ಅವನ ತಂದೆ ಅಂದ ಮಾತು ನನಗೆ ಅರ್ಥವಾಯಿತು. "ನಾವು ಮಣ್ಣು ಹೊತ್ತಿದ್ದು ಸಾಕು ಮೇಷ್ಟ್ರೇ. ಇವನೂ ಹೊರಲಿ ಅಂತ ಓದಿಸಿದ್ವಾ?" ಅವರ ಮುಂದೆ ಮಣ್ಣಿನ ಮಹಿಮೆ ಹಾಡುವುದು ಸುಲಭ. ನನ್ನಿಂದಾಗಲಿಲ್ಲ.

ಥೇರಗಾಥೆಯ ಸುನೀತ ಥೇರರನ್ನು ನೆನೆಯೋಣ. ಕೀಳೆಂದು ಕರೆಸಿಕೊಂಡ ಕುಲದಲ್ಲಿ ಹುಟ್ಟಿದವರು. ಬಾಡಿದ ಹೂಗಳನ್ನು ಎತ್ತಿ ಹಾಕುವುದು ಅವರ ಪಾಲಿಗೆ ಬಂದ ಕೆಲಸ. ಬೆಲೆ ಬಿದ್ದ ದಿನ ಚಿಕ್ಕಬಳ್ಳಾಪುರದ ಆಸುಪಾಸಿನ ರಸ್ತೆಬದಿಯಲ್ಲಿ ಸುರಿದ ಸೇವಂತಿಗೆ ರಾಶಿ ನೋಡಿದವರಿಗೆ ಆ ಕೆಲಸ ಎಂಥದೆಂದು ಬೇರೆ ಹೇಳಬೇಕಿಲ್ಲ. ಜನ ಹೇಸುತ್ತಿದ್ದರು, ಅವರು ಎಲ್ಲರಿಗೂ ತಲೆ ತಗ್ಗಿಸುತ್ತಿದ್ದರು. ಬುದ್ಧರನ್ನು ಕಂಡ ದಿನ ಕಾವಡಿ ಇಳಿಸಿ ಹತ್ತಿರ ಹೋದರು. ನಿನ್ನ ಕೆಲಸ ಬಹಳ ಪವಿತ್ರವಾದದ್ದು, ಅದನ್ನೇ ಮಾಡಿಕೊಂಡಿರು ಎಂದು ಬುದ್ಧರು ಹೇಳಲಿಲ್ಲ. ಭಿಕ್ಖುವಾಗಿ ಬಾ ಎಂದು ಕರೆದರು. ಕಾವಡಿ ಮೊದಲು ಕೆಳಗಿಳಿಯಬೇಕು. ಆಮೇಲೆ ಏನು ಎತ್ತಿಕೊಳ್ಳುವುದು ಎಂಬುದು ಅವರವರ ಆಯ್ಕೆ.

ಕಲಿಕೆ ಬೇಕಾಗುವುದು ಇಲ್ಲಿ. ಪಂಚಶೀಲದ ಪ್ರತಿ ಸಾಲಿನಲ್ಲೂ ಸಿಕ್ಖಾಪದ ಎಂಬ ಮಾತು ಬರುತ್ತದೆ. ಅದೇ ಸಂಸ್ಕೃತದ ಶಿಕ್ಷಾ. ಕನ್ನಡದಲ್ಲಿ ಶಿಕ್ಷೆ ಎಂದರೆ ದಂಡನೆ ಎಂದಾಗಿಬಿಟ್ಟಿದೆ (ಇದಕ್ಕೆ ನಾವು ಮೇಷ್ಟ್ರುಗಳೇ ಕಾರಣವೇನೋ!). ಪಾಲಿಯಲ್ಲಿ ಅದು ತರಬೇತಿ. ಶೀಲವನ್ನೂ ಅಭ್ಯಾಸ ಮಾಡಿ ಕಲಿಯಬೇಕು ಎಂದ ಮೇಲೆ ಕಸಿ ಕಟ್ಟುವುದು ಹುಟ್ಟಿನಿಂದ ಬರುತ್ತದೆಯೇ? ತೋಟಗಾರಿಕೆ ಇಲಾಖೆ ಲಾಲ್‌ಬಾಗ್ ಮತ್ತು ತನ್ನ ಬೇರೆ ಕೇಂದ್ರಗಳಲ್ಲಿ ರೈತರ ಮಕ್ಕಳಿಗೆ 10 ತಿಂಗಳ ತರಬೇತಿ ನಡೆಸುತ್ತದೆ, ಶಿಷ್ಯವೇತನವೂ ಇದೆ. ನಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಚಿಂತಾಮಣಿ ತಾಲ್ಲೂಕಿನ ಕುರುಬೂರಿನಲ್ಲೇ ಇದೆ. ರೈತರಿಗೆ, ಮಹಿಳೆಯರಿಗೆ, ಯುವಕರಿಗೆ ಅಲ್ಲಿ ಸಣ್ಣ ಅವಧಿಯ ತರಬೇತಿಗಳಿರುತ್ತವೆ. ಆ ತಂದೆಗೆ ನಾನು ಹೇಳಿದ್ದು ಇಷ್ಟೇ: ಕಸಿ ಕಟ್ಟಲು ಬಲ್ಲವನನ್ನು ಜನ ಹುಡುಕಿಕೊಂಡು ಬರುತ್ತಾರೆ, ಅವನು ಕೂಲಿಯನ್ನು ತಾನೇ ಹೇಳುತ್ತಾನೆ. ಅವರು ಯೋಚಿಸುತ್ತೇನೆ ಅಂದಿದ್ದಾರೆ. ಹುಡುಗನನ್ನೂ ಕೇಳಬೇಕಲ್ಲ.

ಶಿಡ್ಲಘಟ್ಟದ ಬಂಧುಗಳ ಹತ್ತಿರವೂ ಕಲಿಯುವುದಿದೆ. ಪಕ್ಕದ ಹೊಲದವರು ಔಷಧಿ ಹೊಡೆದರೆ ಗಾಳಿಗೆ ಅದು ಹಿಪ್ಪುನೇರಳೆ ಸೊಪ್ಪಿಗೆ ಬಂದು ಹುಳು ಸಾಯುತ್ತದೆ ಎಂದು ಅವರಿಗೆ ಪಾಠ ಹೇಳಬೇಕಿಲ್ಲ. (ಗೂಡು ಬೇಯಿಸಿ ನೂಲು ತೆಗೆಯುವ ನಾಡಿನಲ್ಲಿ ಮೊದಲ ಶೀಲದ ಪ್ರಶ್ನೆ ದೊಡ್ಡದು, ಇನ್ನೊಂದು ದಿನ ಮಾತಾಡೋಣ.)

ಆಷಾಢ ಹುಣ್ಣಿಮೆಯ ಮರುದಿನದಿಂದ ಮೂರು ತಿಂಗಳು ವರ್ಷಾವಾಸ. ಮಳೆಗಾಲದಲ್ಲಿ ಭಿಕ್ಖುಗಳು ತಿರುಗಾಡುತ್ತ ಎಳೆ ಹಸಿರನ್ನು, ಸಣ್ಣ ಜೀವಗಳನ್ನು ತುಳಿಯುತ್ತಾರೆ ಎಂದು ಜನ ಆಡಿಕೊಂಡರು, ಅದಕ್ಕೇ ಒಂದೆಡೆ ನಿಲ್ಲುವ ನಿಯಮ ಬಂತು ಎಂದು ವಿನಯ ಪಿಟಕ ಹೇಳುತ್ತದೆ. ಈ ಸಲ ನಮ್ಮ ಅಧ್ಯಯನ ಬಳಗದವರು ಹೊಸ ಸಸಿ ನೆಡುವುದು ಬೇಡ. ಆಗಲೇ ನೆಟ್ಟವುಗಳಲ್ಲಿ ಮನೆಗೊಂದು ಸಸಿ ವಹಿಸಿಕೊಳ್ಳಿ. ಪ್ಲಾಸ್ಟಿಕ್ ಕವರ್ ಸಮೇತ ಮಣ್ಣಿಗೆ ಇಳಿಸಿದ್ದಾರೆಯೇ ನೋಡಿ, ಹಾಗಿದ್ದರೆ ಬೇರು ಕದಲದಂತೆ ಬಿಡಿಸಿ. ಸುತ್ತ ಪಾತಿ ಮಾಡಿ, ಒಣ ಎಲೆ ಹೊದಿಸಿ, ಮೇಕೆ ಬಾಯಿ ಹಾಕದಂತೆ ಮುಳ್ಳು ಕಟ್ಟಿ. ಗುಂಡಿ ಕೆಲಸವಿದ್ದರೆ ಸನಿಕೆ ಎಲ್ಲರ ಕೈಗೂ ಬರಲಿ, ನನ್ನ ಕೈಗೂ. ಡಿಸೆಂಬರ್‌ನಿಂದ ಮೇ ತನಕ ನೀರು ಹಾಕುವ ಸರದಿಯ ಪಟ್ಟಿ ಭಾನುವಾರದ ವಂದನೆಯ ನಂತರ ಬರೆಯೋಣ. ಬರುವವರು ಹೆಸರಿನ ಜೊತೆ ಗಿಡ ಎಲ್ಲಿದೆ ಎಂದೂ ತಿಳಿಸಿ.

ನಮೋ ಬುದ್ಧಾಯ. ಜೈ ಭೀಮ್.