ಇಲ್ಲಿ ಕೂರಬಹುದೇ?

ಅಪರಿಚಿತರ ಮೇಜಿಗೆ ಸೇರಿಕೊಳ್ಳಲು ಹೇಗೆ ಕೇಳಬೇಕೆಂದು ಸ್ಪ್ಯಾನಿಷ್ ಪಾಠಗಳು ಮೆಟ್ಟಿಲು ಮೆಟ್ಟಿಲಾಗಿ ಹೇಳಿಕೊಡುತ್ತವೆ. ಮೊದಲ ಮೆಟ್ಟಿಲು 'ಮೆ ಪ್ವೆದೊ ಸೆಂತಾರ್?', ಕೂರಬಹುದಾ ಎಂಬ ಸರಳ ಪ್ರಶ್ನೆ. ಅದರ ಮೇಲಿನದು 'ಲೆ ಮೊಲೆಸ್ತಾ ಸಿ ಮೆ ಸಿಯೆಂತೊ?', ನಾನು ಕೂತರೆ ನಿಮಗೆ ತೊಂದರೆಯೇ? ಎಲ್ಲಕ್ಕೂ ಮೇಲೆ 'ಲೆಸ್ ಇಂಪೊರ್ತರೀಯಾ ಕೆ ಮೆ ಸೆಂತಾರಾ ಕೊನ್ ಉಸ್ತೆದೆಸ್?'. ಇಲ್ಲಿ ಕೂರುವ ಮಾತೇ ಒಂದು ಊಹೆಯಾಗಿಬಿಡುತ್ತದೆ. 'ಅಕಸ್ಮಾತ್ ನಾನೇನಾದರೂ ಕೂತಿದ್ದೇ ಆದರೆ' ಎನ್ನುವಷ್ಟು ದೂರ. ಕ್ರಿಯಾಪದ ದೂರ ಸರಿದಷ್ಟೂ ವಿನಯ ಹೆಚ್ಚು. ನಾನೂ ಬಹಳ ಕಾಲ ಹಾಗೇ ನಂಬಿದ್ದೆ.

ಮೆಕ್ಸಿಕೊದ ಗ್ವಾದಲಹಾರಾ ನಗರದಲ್ಲಿ ಭಾರತೀಯ ಸಾಫ್ಟ್‌ವೇರ್ ಕಂಪನಿಗಳ ಕಚೇರಿಗಳಿವೆ. ಅಲ್ಲಿ ಕೆಲಸಕ್ಕೆ ಹೋದವರಿಗೆ ಫೋಂದಾ ಬೇಗ ಪರಿಚಯವಾಗುತ್ತದೆ. ಅದು ಮಧ್ಯಾಹ್ನದ ಸಣ್ಣ ಊಟದ ಹೋಟೆಲು. ಸೂಪು, ಅನ್ನ, ಒಂದು ಪಲ್ಯವೋ ಮಾಂಸದ ಅಡುಗೆಯೋ, ಟೋರ್ತಿಯಾ, ಹಣ್ಣಿನ ಪಾನಕ. ಎರಡು ಗಂಟೆಯ ನಂತರ ಮೇಜುಗಳು ತುಂಬಿ, ಒಂಟಿಯಾಗಿ ಬಂದವರು ಇನ್ನೊಬ್ಬರ ಎದುರಿನ ಕುರ್ಚಿ ಕೇಳಬೇಕಾಗುತ್ತದೆ. ನಮ್ಮ ಬೆಂಗಳೂರಿನ ಹಳೆಯ ಹೋಟೆಲುಗಳಲ್ಲಿ ಕೇಳುವ ಗೊಡವೆಗೇ ಹೋಗದೆ ಕೂತುಬಿಡುತ್ತೇವೆ, ಯಾರೂ ತಪ್ಪು ತಿಳಿಯುವುದಿಲ್ಲ. ಅಲ್ಲಿ ಮಾತ್ರ ಕೇಳಿಯೇ ಕೂರಬೇಕು.

ಹಾಗೆ ಕೇಳಿ ಕೂತ ಎಷ್ಟೋ ಮಧ್ಯಾಹ್ನಗಳಲ್ಲಿ ನನಗೆ ಕಂಡದ್ದು ಇದು: 'ತೊಂದರೆಯೇ?' ಎಂದು ಕೇಳಿದಾಗ ಎದುರಿನವರು 'ನೊ, ಪಾರಾ ನಾದಾ', ಇಲ್ಲವೇ ಇಲ್ಲ, ಎನ್ನಲೇಬೇಕಾಗುತ್ತದೆ. ಒಲ್ಲೆ ಎನ್ನಬೇಕೆಂದರೆ 'ಹೌದು, ನಿಮ್ಮಿಂದ ತೊಂದರೆ' ಎಂದು ಮುಖಕ್ಕೇ ಹೇಳಬೇಕು. ಮಾನವಂತರು ಯಾರು ಹಾಗೆ ಹೇಳಿಯಾರು? ಪ್ರಶ್ನೆ ನಯವಾದಷ್ಟೂ ನಿರಾಕರಣೆ ಒರಟಾಗುತ್ತದೆ. ತಲೆ ಬಾಗಿಸಿ ಕೇಳಿದವರು ತಮಗರಿವಿಲ್ಲದೆ ಎದುರಿನವರ ಕೈ ಕಟ್ಟಿರುತ್ತಾರೆ. ವಿನಯದೊಳಗಿನ ಈ ಬಲಾತ್ಕಾರವನ್ನು ಯಾವ ವ್ಯಾಕರಣವೂ ಹೇಳಿಕೊಡುವುದಿಲ್ಲ.

ಆ ಮಣ್ಣಿನಲ್ಲೇ ಬೆಳೆದವರು ಹಲವು ಸಲ ಬೇರೆಯದೇ ಪ್ರಶ್ನೆ ಕೇಳುವುದನ್ನು ಗಮನಿಸಿದೆ. 'ಎಸ್ಪೇರಾ ಆ ಆಲ್ಗಿಯೆನ್?', ಯಾರಿಗಾದರೂ ಕಾಯುತ್ತಿದ್ದೀರಾ? ಮೂರೇ ಪದ, ವ್ಯಾಕರಣವೂ ತೀರ ಸರಳ. ಆದರೆ ನನ್ನ ಲೆಕ್ಕದಲ್ಲಿ ಸೌಜನ್ಯದ ತುದಿ ಇದೇ. ಒಬ್ಬರೇ ಇರಬಯಸುವವರಿಗೆ ಅದು ಸಿದ್ಧ ಕಾರಣವೊಂದನ್ನು ಕೈಗಿಡುತ್ತದೆ. 'ಹೌದು' ಎಂದರೆ ಮುಗಿಯಿತು, ಯಾರಿಗೂ ಅವಮಾನವಿಲ್ಲ. 'ಇಲ್ಲ, ಕೂತುಕೊಳ್ಳಿ' ಎಂದರೆ ಆ ಕರೆ ಅವರದೇ ಆಗುತ್ತದೆ. 'ಹೌದು' ಎಂದವರ ಮೇಜಿಗೆ ಆಮೇಲೆ ಯಾರಾದರೂ ಬಂದರೋ ಇಲ್ಲವೋ ಎಂದು ತಿರುಗಿ ನೋಡಬಾರದು, ಅಷ್ಟೆ.

ಕೂತವರ ಕಡೆಯಿಂದಲೂ ಒಂದು ಪದ್ಧತಿಯಿದೆ. ಊಟ ಮಾಡುತ್ತಿರುವಾಗ ಪರಿಚಯದವರು ಹತ್ತಿರ ಬಂದರೆ 'ಗುಸ್ತಾ?', ತಗೊಳ್ತೀರಾ, ಎನ್ನುತ್ತಾರೆ. ಬಂದವರು 'ಗ್ರಾಸಿಯಾಸ್, ಬ್ವೆನ್ ಪ್ರೊವೇಚೊ' ಎಂದು, ಉಂಡದ್ದು ಮೈಗೆ ಹತ್ತಲೆಂದು ಹಾರೈಸಿ ಮುಂದೆ ಹೋಗುತ್ತಾರೆ. ಜಗಲಿಯ ಮೇಲೆ ಉಣ್ಣುತ್ತ ಕೂತು 'ಬನ್ನಿ, ಊಟ ಮಾಡೋಣ' ಎಂದರೆ 'ಈಗಷ್ಟೇ ಆಯ್ತು, ನೀವು ಮಾಡಿ' ಎನ್ನುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನವರು ಇದನ್ನು ಬರೀ ಬಾಯುಪಚಾರ ಎಂದುಕೊಳ್ಳುವುದುಂಟು. ನಾನು ಒಪ್ಪುವುದಿಲ್ಲ. ಕರೆದವರು ಕರೆಯುವ ಋಣ ತೀರಿಸಿದರು, ಬೇಡವೆನ್ನುವ ಹೊರೆಯನ್ನು ಬಂದವರು ತಾವೇ ಹೊತ್ತರು. ಇನ್ನೊಮ್ಮೆ ಒತ್ತಾಯ ಬಂದರೆ ಕೂರಬಹುದೆಂದು ಇಬ್ಬರಿಗೂ ಗೊತ್ತು.

ಅರ್ಜೆಂಟೀನಾದಲ್ಲಿ ಮಾಟೆ ಎಂಬ ಎಲೆಯ ಕಷಾಯ ಕುಡಿಯುವ ಬಳಗದಲ್ಲಿ ಈ ಲೆಕ್ಕ ಇನ್ನಷ್ಟು ಸ್ವಚ್ಛ. ಒಂದೇ ಸೋರೆಬುರುಡೆ, ಒಂದೇ ಲೋಹದ ಕೊಳವೆ. ಒಬ್ಬರು ಬಿಸಿನೀರು ಹುಯ್ದು ಸರದಿಯಂತೆ ಕೊಡುತ್ತ ಹೋಗುತ್ತಾರೆ, ಕುಡಿದವರು ಬುರುಡೆಯನ್ನು ಮಾತಿಲ್ಲದೆ ಹಿಂತಿರುಗಿಸುತ್ತಾರೆ. 'ಗ್ರಾಸಿಯಾಸ್' ಎಂದರೆ ಇನ್ನು ಸಾಕು ಎಂದರ್ಥ, ಮುಂದಿನ ಸುತ್ತಿನಲ್ಲಿ ಬುರುಡೆ ಅವರನ್ನು ದಾಟಿಹೋಗುತ್ತದೆ. ಯಾಕೆ ಸಾಕು ಎಂದು ಯಾರೂ ಕೇಳುವುದಿಲ್ಲ. ಅವರು ಎದ್ದು ಹೋಗಬೇಕಾಗಿಯೂ ಇಲ್ಲ, ಹರಟೆಯಲ್ಲಿ ಅವರ ಪಾಲು ಹಾಗೇ ಇರುತ್ತದೆ.